ಆಯಿಲ್ ಬದಲಿಸುವಾಗ ವಾಷರನ್ನೂ ಬದಲಿಸಿ

ಮಾನ್ಯ ಸಂಪಾದಕರೇ,

ಮಳೆ ಹಿಂದೆಗೆದು ದೀಪಾವಳಿ ಹತ್ತಿರ ಬರುತ್ತಿದ್ದಂತೆ ನಮ್ಮ ಮಲೆನಾಡಿನಲ್ಲಿ ಗಾಡಿಗಳನ್ನು ಸರ್ವೀಸಿಗೆ ಬಿಡುವ ಕಾಲ ಶುರುವಾಗುತ್ತದೆ. ನಾಲ್ಕು ತಿಂಗಳು ಕೆಸರು, ಹೊಂಡ, ನೀರು ಕಂಡ ಕಾರುಗಳು ಒಂದರ ಹಿಂದೆ ಒಂದು ಗ್ಯಾರೇಜಿಗೆ ಬರುತ್ತವೆ. ಸಾಗರದಲ್ಲಿ ವಾಹನಗಳ ಬಿಡಿಭಾಗದ ಅಂಗಡಿ ನಡೆಸುವವಳು ನಾನು. ಮಾವನವರು ಹಾಕಿದ ಅಂಗಡಿ; ಈಗ ಗಲ್ಲೆಯಲ್ಲಿ ಕೂರುವುದೂ ನಾನೇ, ಸಾಮಾನು ತೆಗೆದುಕೊಡುವುದೂ ನಾನೇ. ಈ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಯಿಲ್ ಡಬ್ಬ, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಕೊಡುತ್ತಲೇ ಇರುತ್ತೇನೆ. ಅವುಗಳ ಜೊತೆಗೇ ಕೇಳಬೇಕಾದ ಒಂದು ಸಾಮಾನನ್ನು ಮಾತ್ರ ಕೇಳುವವರು ತೀರಾ ಕಡಿಮೆ. ಅದು ಚೇಂಬರ್ ಬೋಲ್ಟಿನ ವಾಷರ್. ಇಡೀ ಅಂಗಡಿಯಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಹೆಚ್ಚಿಲ್ಲ. ಅದನ್ನು ಮಾರಿ ಅಂಗಡಿ ಉದ್ಧಾರವಾಗುವುದೂ ಇಲ್ಲ. ಹಾಗಿದ್ದೂ ಈ ಪತ್ರ ಬರೆಯುತ್ತಿರುವುದು, ಅದನ್ನು ಹಾಕದೆ ಬಿಟ್ಟದ್ದರಿಂದ ಆಗುವ ನಷ್ಟ ಕೊನೆಗೆ ನನ್ನ ಕೌಂಟರಿನ ಮೇಲೇ ಬಂದು ಬೀಳುವುದನ್ನು ನೋಡಿ ನೋಡಿ ಸಾಕಾಗಿರುವುದರಿಂದ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಎಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ತಟ್ಟೆಯಂಥ ಭಾಗವನ್ನು ನಮ್ಮ ಕಡೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಅದರ ತೀರಾ ತಗ್ಗಿನ ಜಾಗದಲ್ಲಿ ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿದರೆ ಹಳೆಯ ಆಯಿಲ್ ಪೂರ್ತಿ ಇಳಿದುಹೋಗುತ್ತದೆ. ಬೋಲ್ಟಿನ ತಲೆಗೂ ಚೇಂಬರಿಗೂ ನಡುವೆ ಕೂರುವ ತೆಳ್ಳನೆಯ ಬಳೆಯೇ ಈ ವಾಷರ್. ಕೆಲವು ಗಾಡಿಗಳಲ್ಲಿ ಅದು ತಾಮ್ರದ್ದು, ಕೆಲವುದರಲ್ಲಿ ಅಲ್ಯೂಮಿನಿಯಂ, ಇನ್ನು ಕೆಲವುದರಲ್ಲಿ ಫೈಬರ್, ಇಲ್ಲವೇ ಒಳಗೆ ರಬ್ಬರ್ ಅಂಚು ಇರುವ ಉಕ್ಕಿನ ಬಳೆ.

ಆಯಿಲ್ ಸೋರದಂತೆ ತಡೆಯುವುದು ಬೋಲ್ಟಿನ ಥ್ರೆಡ್, ಅಂದರೆ ಅದರ ಮೈಮೇಲಿನ ತಿರುಪಿನ ಸುತ್ತು, ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಥ್ರೆಡ್ಡಿನ ಕೆಲಸ ಬೋಲ್ಟನ್ನು ಬಿಗಿಯಾಗಿ ಹಿಡಿಯುವುದು ಅಷ್ಟೇ. ಥ್ರೆಡ್ಡಿನ ಸಂದಿಯಲ್ಲಿ ಬಿಸಿ ಆಯಿಲ್ ಸುಲಭವಾಗಿ ಇಳಿಯುತ್ತದೆ. ಅದನ್ನು ತಡೆಯುವುದು ವಾಷರ್. ಅದು ಮೆತ್ತನೆಯ ಲೋಹದ್ದಾಗಿರುವುದು ಇದೇ ಕಾರಣಕ್ಕೆ. ಬೋಲ್ಟ್ ಬಿಗಿದಾಗ ಅದು ಒತ್ತಿಕೊಂಡು, ಚೇಂಬರಿನ ಮುಖದಲ್ಲೂ ಬೋಲ್ಟಿನ ತಲೆಯ ಅಡಿಯಲ್ಲೂ ಇರುವ ಕಣ್ಣಿಗೆ ಕಾಣದ ಗೀರುಗಳಿಗೆಲ್ಲ ತುಂಬಿಕೊಳ್ಳುತ್ತದೆ. ಒಂದು ಸಲ ಹೀಗೆ ಒತ್ತಿ ಕೂತ ಮೇಲೆ ಅದರ ಕೆಲಸ ಮುಗಿಯಿತು. ಬಿಚ್ಚಿ ಮತ್ತೆ ಹಾಕಿದರೆ ಅದೇ ಜಾಗಕ್ಕೆ, ಅದೇ ಕೋನಕ್ಕೆ ಕೂರುವುದಿಲ್ಲ. ಮೊದಲ ಸಲದ ಅಚ್ಚು ಅದರ ಮೈಮೇಲೆ ಹಾಗೇ ಇರುತ್ತದೆ. ತಾಮ್ರವಂತೂ ಒತ್ತಿದಷ್ಟೂ ಗಡುಸಾಗುವ ಲೋಹ. ಎರಡನೇ ಸಲ ಅದು ಮೊದಲಿನಂತೆ ಬಗ್ಗುವುದಿಲ್ಲ.

ನಂಬಿಕೆ ಬಾರದವರು ಮುಂದಿನ ಸಲ ಗ್ಯಾರೇಜಿನಲ್ಲಿ ಬಿಚ್ಚಿದ ವಾಷರನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಿ. ಒಂದು ಮುಖದಲ್ಲಿ ಬೋಲ್ಟಿನ ತಲೆ ತಿರುಗಿ ಉಜ್ಜಿದ ಹೊಳೆಯುವ ಸುತ್ತು ಕಾಣುತ್ತದೆ. ಒಳ ಅಂಚಿನಲ್ಲಿ ಲೋಹ ಹಿಸುಕಿ ಎದ್ದ ಸಣ್ಣ ಏಣು ಇರುತ್ತದೆ. ಉಗುರನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಮೆಟ್ಟಿಲಿನಂತೆ ತಡೆಯುತ್ತದೆ. ಮೂರ್ನಾಲ್ಕು ಸರ್ವೀಸ್ ಕಂಡ ವಾಷರಾದರೆ ಒಂದರ ಮೇಲೊಂದು ಸುತ್ತುಗಳು, ನಡುವೆ ಅಡ್ಡ ಗೀರುಗಳು. ಆ ಒಂದು ಅಡ್ಡ ಗೀರು ಸಾಕು, ಆಯಿಲ್ ಹೊರಗೆ ಬರಲು ದಾರಿಯಾಯಿತು. ಹೊಸದರ ಎರಡೂ ಮುಖ ನುಣ್ಣಗೆ, ಸಮತಟ್ಟಾಗಿರುತ್ತವೆ. ಹೊಸದು ಹಳೆಯದು ಎರಡನ್ನೂ ಅಂಗೈಯಲ್ಲಿ ಇಟ್ಟುಕೊಟ್ಟರೆ ಶಾಲೆ ಮಕ್ಕಳೂ ವ್ಯತ್ಯಾಸ ಹೇಳಿಬಿಡುತ್ತಾರೆ.

ಇನ್ನೊಂದು ಸಂಗತಿ. ಎಂಜಿನ್ನಿನ ಬೇರೆ ಎಷ್ಟೋ ಕಡೆ ಆಯಿಲ್ ಜಿನುಗುವುದು ಗಾಡಿ ಓಡುವಾಗ ಮಾತ್ರ. ಚೇಂಬರ್ ಬೋಲ್ಟಿನ ಕಥೆ ಹಾಗಲ್ಲ. ಅದು ತೀರಾ ಕೆಳಗಿರುವುದರಿಂದ ಆಯಿಲಿನ ಭಾರ ಹಗಲು ರಾತ್ರಿ ಅದರ ಮೇಲೇ ಇರುತ್ತದೆ. ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ಸೋರುತ್ತದೆ. ನಿಮಿಷಕ್ಕೆ ಒಂದೇ ಹನಿ ಎಂದು ಲೆಕ್ಕ ಹಾಕಿ. ದಿನಕ್ಕೆ 1,440 ಹನಿ ಆಯಿತು, ಅಂದರೆ ಸುಮಾರು 50 ಮಿಲಿ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ಮೂರು ವಾರದೊಳಗೆ ಅಷ್ಟೂ ಖಾಲಿ. ವರ್ಷಕ್ಕೊಮ್ಮೆ ಮಾತ್ರ ಬಾನೆಟ್ ಎತ್ತಿಸುವವರ ಗಾಡಿಯಲ್ಲಿ ಮುಂದೇನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈಗಿನ ಪೆಟ್ರೋಲ್ ಕಾರುಗಳಿಗೆ ಹಾಕುವ 0ಡಬ್ಲ್ಯು-20ಯಂಥ ಆಯಿಲ್ ಹಿಂದಿನ 20ಡಬ್ಲ್ಯು-50ಕ್ಕಿಂತ ಬಹಳ ತೆಳು ಬೇರೆ. ಹಿಂದಿನ ದಪ್ಪ ಆಯಿಲಿನ ಕಾಲದಲ್ಲಿ ಹಳೆಯ ವಾಷರಿನಲ್ಲೇ ಹೇಗೋ ನಡೆಯುತ್ತಿದ್ದದ್ದು ಈಗ ನಡೆಯುತ್ತದೆ ಎಂದು ಭರವಸೆ ಇಟ್ಟುಕೊಳ್ಳುವಂತಿಲ್ಲ.

ಹಾಗಾದರೆ ಹಳೆಯ ವಾಷರ್ ಹಾಕಿದ ಎಲ್ಲ ಗಾಡಿಯೂ ಸೋರುತ್ತದೆಯೇ ಎಂದು ಗ್ಯಾರೇಜಿನ ಹುಡುಗರು ನನ್ನನ್ನೇ ಕೇಳುತ್ತಾರೆ. ಇಲ್ಲ, ಎಲ್ಲವೂ ಸೋರುವುದಿಲ್ಲ. ತಾಮ್ರದ ದಪ್ಪ ವಾಷರ್ ಮಗುಚಿ ಹಾಕಿದರೂ ಒಂದೆರಡು ಸಲ ನಿಲ್ಲುವುದುಂಟು. ನನಗೆ ಹೆಚ್ಚು ಆತಂಕ ಇರುವುದು ಸೋರುವ ಗಾಡಿಗಳ ಬಗ್ಗೆಯೂ ಅಲ್ಲ, ಸೋರದಿರಲಿ ಎಂದು ಹುಡುಗರು ಮಾಡುವ ಉಪಾಯಗಳ ಬಗ್ಗೆ. ಹಳೆಯ ವಾಷರ್ ಹಾಕಿ, ಬೋಲ್ಟ್ ಬಿಗಿದು, ಬೆರಳಾಡಿಸಿ ನೋಡುತ್ತಾರೆ. ತೇವ ಕಂಡರೆ ಇನ್ನೊಂದು ಸುತ್ತು ಬಿಗಿಯುತ್ತಾರೆ. ಇನ್ನೂ ಕಂಡರೆ ಸ್ಪ್ಯಾನರಿಗೆ ಪೈಪ್ ತೂರಿಸುತ್ತಾರೆ. ಅನಾಹುತ ಆಗುವುದೇ ಅಲ್ಲಿ.

ಲೆಕ್ಕ ಇಷ್ಟೇ ಇದೆ. ನಮ್ಮ ಕಡೆ ಹೆಚ್ಚಾಗಿ ಓಡುವ ಚಿಕ್ಕ ಕಾರುಗಳಲ್ಲಿ ಈ ಬೋಲ್ಟಿಗೆ ಕಂಪನಿ ಹೇಳುವ ಬಿಗಿ ಸುಮಾರು 35ರಿಂದ 40 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ ಇದು). ಒಂದು ಗೇಣಿಗಿಂತ ತುಸು ಉದ್ದದ, ಅಂದರೆ 25 ಸೆಂಟಿಮೀಟರಿನ ಸ್ಪ್ಯಾನರಿನ ತುದಿಯಲ್ಲಿ ಸುಮಾರು 14 ಕಿಲೋ ತೂಕದಷ್ಟು ಒತ್ತಿದರೆ 35 ಬಂತು. ಒಂದು ಕೈಯ ಕೆಲಸ. ಅದೇ ಬಲವನ್ನು ಎರಡಡಿ ಪೈಪಿನ ತುದಿಯಲ್ಲಿ ಹಾಕಿದರೆ 80 ದಾಟುತ್ತದೆ. ಪೈಪ್ ಹಿಡಿದವರು 14 ಕಿಲೋ ಬಲ ಹಾಕಿ ನಿಲ್ಲಿಸುವುದೂ ಇಲ್ಲ, ಮೈಭಾರವನ್ನೇ ಬಿಡುತ್ತಾರೆ. ಬೋಲ್ಟ್ ಉಕ್ಕಿನದು. ಈಗಿನ ಹಲವು ಗಾಡಿಗಳ ಚೇಂಬರ್ ಅಲ್ಯೂಮಿನಿಯಂ. ಗಟ್ಟಿಯದಕ್ಕೂ ಮೆತ್ತನೆಯದಕ್ಕೂ ಜಗಳವಾದರೆ ಯಾವುದು ಸೋಲುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ದಿನವೇ ಸೋಲಬೇಕೆಂದೂ ಇಲ್ಲ. ಥ್ರೆಡ್ ಅರ್ಧ ಎಳೆದುಕೊಂಡು ಹೇಗೋ ನಿಂತಿರುತ್ತದೆ. ಮುಂದಿನ ಸರ್ವೀಸಿನಲ್ಲಿ ಬೋಲ್ಟ್ ಬಿಚ್ಚಿದವನ ಕೈಗೆ ಅದು ಪೂರ್ತಿ ಕಿತ್ತು ಬರುತ್ತದೆ. ಮಾಡಿದವರು ಒಬ್ಬರು, ಬೈಸಿಕೊಳ್ಳುವವರು ಇನ್ನೊಬ್ಬರು.

ಕಳೆದ ಬೇಸಿಗೆಯಲ್ಲಿ ಜೋಗಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿ ಚಾಲಕರೊಬ್ಬರು ಅಂಗಡಿಗೆ ಬಂದು, ಕಾಗದದಲ್ಲಿ ಸುತ್ತಿದ್ದ ಬೋಲ್ಟನ್ನು ಕೌಂಟರಿನ ಮೇಲಿಟ್ಟರು. ಉಕ್ಕಿನ ಬೋಲ್ಟಿನ ಸುತ್ತ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಎಳೆಯೊಂದು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿತ್ತು. ಚೇಂಬರಿನ ಒಳಗಿನ ಥ್ರೆಡ್ ಅದು, ಹಾಗೇ ಬಿಡಿಸಿಕೊಂಡು ಬಂದಿತ್ತು. ಬೋಲ್ಟಿನ ತಲೆಗೆ ಅಂಟಿದ್ದ ವಾಷರ್ ಕಾಗದದಷ್ಟು ತೆಳ್ಳಗಾಗಿತ್ತು. "ಬೋಲ್ಟ್ ಹೊಸದು ಕೊಡಿ ಅಕ್ಕಾ, ಹಾಕ್ಕೊಂಡು ಹೋಗ್ತೆ, ಮಧ್ಯಾಹ್ನ ಬಾಡಿಗೆ ಇದೆ" ಎಂದರು. ಬೋಲ್ಟ್ ಕೊಟ್ಟರೆ ಏನು ಬಂತು, ಅದು ಹಿಡಿಯುವ ಜಾಗವೇ ಇರಲಿಲ್ಲವಲ್ಲ. ಚೇಂಬರ್ ಶಿವಮೊಗ್ಗದಿಂದ ಬರಬೇಕಾಯಿತು. ಚೇಂಬರ್, ಪೇಸ್ಟ್, ಹೊಸ ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ ಏಳು ಸಾವಿರ ದಾಟಿತು. ಅಂದಿನ ಬಾಡಿಗೆಯೂ ಹೋಯಿತು, ಮರುದಿನದ್ದೂ ಹೋಯಿತು. ಬೇಸಿಗೆ ರಜೆಯ ನಾಲ್ಕು ವಾರದ ದುಡಿಮೆಯಲ್ಲಿ ವರ್ಷದ ಕಂತು ಹೊಂದಿಸುವವರಿಗೆ ಇದು ಸಣ್ಣ ಪೆಟ್ಟಲ್ಲ. ಅವರ ಗಾಡಿಯ ವಾಷರ್ ನನ್ನ ಡಬ್ಬಿಯಲ್ಲಿ ಒಂದು ಚಹಾದ ಬೆಲೆಗೆ ಬಿದ್ದಿತ್ತು.

ಥ್ರೆಡ್ ಹೋದ ಮೇಲೆ ದಾರಿಯೇ ಇಲ್ಲವೆಂದಲ್ಲ. ರಂಧ್ರ ಕೊರೆದು ಉಕ್ಕಿನ ಸುರುಳಿ ಕೂರಿಸಬಹುದು, ದಪ್ಪ ಬೋಲ್ಟಿಗೆ ಹೊಸ ಥ್ರೆಡ್ ಹಾಕಬಹುದು. ಒಳ್ಳೆಯ ಲೇತ್ ಕೆಲಸದವರು ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಆದರೆ ಚೇಂಬರನ್ನು ಕಳಚದೆ, ಗಾಡಿಯ ಅಡಿಯಲ್ಲಿ ಮಲಗಿಕೊಂಡು ಕೊರೆದರೆ ಲೋಹದ ಪುಡಿ ಒಳಗೆ ಉಳಿಯುತ್ತದೆ. ಅದಕ್ಕೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ.

ಪೇಸ್ಟಿನ ವಿಷಯವೂ ಹೇಳಬೇಕು. ಹಳೆಯ ವಾಷರಿಗೆ ಸಿಲಿಕಾನ್ ಪೇಸ್ಟ್ ಮೆತ್ತಿ ಹಾಕುವುದು, ಥ್ರೆಡ್ಡಿಗೆ ನಲ್ಲಿಯ ಬಿಳಿ ಟೇಪ್ ಸುತ್ತುವುದು ಎಲ್ಲ ಊರಲ್ಲೂ ಇದೆ. ಹೊರಗೆ ಹಿಸುಕಿ ಬಂದ ಪೇಸ್ಟ್ ಕಣ್ಣಿಗೆ ಕಾಣುತ್ತದೆ, ಒರೆಸುತ್ತಾರೆ. ಒಳಗೆ ಹಿಸುಕಿ ಹೋದದ್ದನ್ನು ಒರೆಸುವವರು ಯಾರು? ಅದು ಗಟ್ಟಿಯಾಗಿ, ಚೂರಾಗಿ, ಆಯಿಲಿನ ಜೊತೆ ತೇಲಿ ಪಂಪಿನ ಬಾಯಲ್ಲಿರುವ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನಿನ ಮೇಲ್ಭಾಗಕ್ಕೆ ಆಯಿಲ್ ಏರುವುದು ಕಡಿಮೆಯಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರ್ ಉಳಿಸಲು ಹೋಗಿ ಎಂಜಿನ್ನಿಗೆ ಕೈ ಹಾಕಿದಂತಾಯಿತು. ಚೇಂಬರನ್ನು ಎಂಜಿನ್ನಿಗೆ ಕೂರಿಸುವಾಗ ಪೇಸ್ಟ್ ಬೇಕು, ಅದು ಬೇರೆ ಮಾತು. ಚೇಂಬರ್ ಬೋಲ್ಟಿಗೆ ಬೇಕಾದ್ದು ಒಣಗಿದ, ಒರೆಸಿದ ಮುಖ ಮತ್ತು ಹೊಸ ವಾಷರ್, ಇಷ್ಟೇ.

ನಮ್ಮ ಮಾವನವರು ಇದ್ದಾಗ ಬೇರೆ ಪದ್ಧತಿಯಿತ್ತು. ಹಳೆಯ ಜೀಪು, ಅಂಬಾಸಿಡರ್ ಕಾಲದ ತಾಮ್ರದ ವಾಷರುಗಳನ್ನು ತಂತಿಯಲ್ಲಿ ಪೋಣಿಸಿ, ಕೆಂಪಗೆ ಕಾಯಿಸಿ, ನೀರಿಗೆ ಬಿಡುತ್ತಿದ್ದರು. ತಾಮ್ರ ಹಾಗೆ ಕಾದು ತಣಿದರೆ ಮತ್ತೆ ಮೆತ್ತಗಾಗುತ್ತದೆ. ಕಬ್ಬಿಣಕ್ಕೆ ನೀರು ತಾಗಿಸಿದರೆ ಗಟ್ಟಿ, ತಾಮ್ರಕ್ಕೆ ಹಾಗಲ್ಲ ಎಂದು ನನಗೆ ಮೊದಲು ಹೇಳಿಕೊಟ್ಟವರು ಅವರೇ. ಸಾಮಾನು ಸಿಗದ ಕಾಲದ ಜಾಣತನ ಅದು, ನನಗೆ ಈಗಲೂ ಅದರ ಬಗ್ಗೆ ಗೌರವವಿದೆ. ಆದರೆ ಅದನ್ನು ಈಗಿನ ಅಲ್ಯೂಮಿನಿಯಂ ವಾಷರಿಗೆ ಮಾಡಲು ಹೋಗಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ತಾಮ್ರದಂತೆ ಕೆಂಪಗಾಗಿ ಮುನ್ಸೂಚನೆ ಕೊಡುವುದಿಲ್ಲ. ಫೈಬರ್, ರಬ್ಬರಿನವನ್ನು ಕಾಯಿಸುವ ಪ್ರಶ್ನೆಯೇ ಇಲ್ಲ.

ಇನ್ನು ಗ್ಯಾರೇಜಿನವರ ಕಡೆಯ ಮಾತು. ಅವರು ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಕೇಳಿದರೆ "ಅದೆಂಥ ಆಗ್ತದೆ ಅಕ್ಕಾ, ಹಳೇದೇ ಚೆನ್ನಾಗಿದೆ" ಎನ್ನುತ್ತಾರೆ. ಹತ್ತಿರ ಕೂರಿಸಿ ಕೇಳಿದರೆ ನಿಜವಾದ ಕಾರಣ ಬರುತ್ತದೆ. ಬೋಲ್ಟ್ ಬಿಚ್ಚಿ ಆಯಿಲ್ ಇಳಿಯುತ್ತಿರುವಾಗ ವಾಷರ್ ಕೈಯಲ್ಲಿ ಇರುವುದಿಲ್ಲ. ಅದಕ್ಕಾಗಿ ಒಬ್ಬ ಹುಡುಗ ಬೈಕ್ ಹತ್ತಿ ಅಂಗಡಿಗೆ ಬರಬೇಕು, ಅಳತೆ ತಪ್ಪಿದರೆ ಮತ್ತೆ ಬರಬೇಕು. ಗಿರಾಕಿ ಎದುರಿಗೇ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಹಾಗಾಗಿ ಹಳೆಯದೇ ವಾಪಸು ಹೋಗುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮಾರುತಿ, ಹುಂಡೈ, ಹೋಂಡಾದ ಹೆಚ್ಚಿನ ಪೆಟ್ರೋಲ್ ಕಾರುಗಳ ಬೋಲ್ಟಿನ ಥ್ರೆಡ್ 14 ಮಿಲಿಮೀಟರ್ ದಪ್ಪದ್ದು. ಟೊಯೋಟಾದ ಹಲವು ಗಾಡಿಗಳಲ್ಲಿ 12. ಹತ್ತು ಖಾನೆಯ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಈ ತಾಲ್ಲೂಕಿನಲ್ಲಿ ಓಡುವ ಬಹುಪಾಲು ಗಾಡಿಗಳ ವಾಷರ್ ಹಿಡಿಸುತ್ತದೆ. ಆದರೆ ಅಳತೆ ಒಂದೇ ಎಂದು ಒಂದು ಕಂಪನಿಯದನ್ನು ಇನ್ನೊಂದಕ್ಕೆ ಹಾಕಬಾರದು. ದಪ್ಪವೂ ಲೋಹವೂ ಬೇರೆಯಿರುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಹಲವು ಕಾರುಗಳಲ್ಲಿ ವಾಷರ್ ಬೋಲ್ಟಿಗೇ ಸೇರಿಕೊಂಡಿರುತ್ತದೆ. ಅಲ್ಲಿ ಬೋಲ್ಟನ್ನೇ ಬದಲಿಸಬೇಕು.

ಹುಡುಗರಿಗೆ ಇನ್ನೂ ಒಂದು ಎಚ್ಚರಿಕೆ. ಹಳೆಯ ವಾಷರ್ ಕೆಲವೊಮ್ಮೆ ಚೇಂಬರಿನ ಮುಖಕ್ಕೇ ಅಂಟಿಕೊಂಡು ಉಳಿಯುತ್ತದೆ. ಆಯಿಲ್, ಧೂಳು ಸೇರಿ ಕಪ್ಪಾಗಿರುವುದರಿಂದ ಅದು ಚೇಂಬರಿನದೇ ಭಾಗದಂತೆ ಕಾಣುತ್ತದೆ. ಅದರ ಮೇಲೆ ಹೊಸದನ್ನು ಹಾಕಿ ಬಿಗಿದರೆ ಎರಡು ವಾಷರ್ ಆಗಿ ಅದೂ ಸೋರುತ್ತದೆ. ಆಯಿಲ್ ಫಿಲ್ಟರಿನ ರಬ್ಬರ್ ರಿಂಗಿನಲ್ಲೂ ಇದೇ ಆಗುತ್ತದೆ, ಅಲ್ಲಿ ಅಪಾಯ ಬಹಳ ಹೆಚ್ಚು. ಫಿಲ್ಟರಿನಲ್ಲಿ ಪಂಪಿನ ಒತ್ತಡವಿರುತ್ತದೆ. ಎರಡು ರಿಂಗ್ ಕೂತು ಒಂದು ಜಾರಿದರೆ ಕೆಲವೇ ನಿಮಿಷಗಳಲ್ಲಿ ಆಯಿಲೆಲ್ಲ ರಸ್ತೆಗೆ. ಹೊಸದನ್ನು ಹಾಕುವ ಮೊದಲು ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡಲೇಬೇಕು.

ಸೋರಿದ ಆಯಿಲ್ ಎಲ್ಲಿಗೆ ಹೋಗುತ್ತದೆ ಎಂಬುದೂ ನನ್ನ ಮನಸ್ಸಿನಲ್ಲಿದೆ. ನಮ್ಮ ಕಡೆ ಕಾರು ನಿಲ್ಲುವುದು ಅಡಿಕೆ ಒಣಗಿಸುವ ಅಂಗಳದ ಪಕ್ಕದಲ್ಲಿ. ಆಚೆಗೆ ಬಾವಿ, ಅದರಾಚೆಗೆ ತೋಟ. ಅಂಗಳದ ಕಪ್ಪು ಕಲೆ ಮೊದಲ ಮಳೆಗೆ ತೊಳೆದು ತೋಟದ ಕಾಲುವೆಗೆ ಇಳಿಯುತ್ತದೆ, ಅಲ್ಲಿಂದ ಹೊಳೆಗೆ. ವರದಾ ನದಿ ಹುಟ್ಟುವ ಜಾಗದ ಮಗ್ಗುಲಿನವರು ನಾವು. ಬಳಸಿದ ಎಂಜಿನ್ ಆಯಿಲನ್ನು ಕೇಂದ್ರ ಸರ್ಕಾರದ 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಇಟ್ಟಿವೆ. ಗ್ಯಾರೇಜಿನಲ್ಲಿ ಇಳಿಸಿದ ಆಯಿಲನ್ನು ಎಲ್ಲೆಂದರಲ್ಲಿ ಚೆಲ್ಲಬಾರದು ಎಂದಾದರೆ, ಅದೇ ಆಯಿಲ್ ನೂರಾರು ಮನೆಗಳ ಅಂಗಳದಲ್ಲಿ ಹನಿ ಹನಿಯಾಗಿ ಬೀಳುವುದನ್ನೂ ತಡೆಯಬೇಕಲ್ಲವೇ?

ಗಿರಾಕಿಗಳು ಮಾಡಬೇಕಾದ್ದು ಬಹಳವಿಲ್ಲ. ಗಾಡಿ ಬಿಡುವಾಗಲೇ "ಚೇಂಬರ್ ವಾಷರ್ ಹೊಸದು ಹಾಕಿ, ಹಳೆಯದನ್ನು ನನಗೆ ಕೊಡಿ" ಎಂದು ಹೇಳಿ. ಬಿಲ್ಲಿನಲ್ಲಿ ಅದಕ್ಕೆ ಬೇರೆಯೇ ಒಂದು ಸಾಲು ಇರಲಿ. "ಇತರೆ ಸಾಮಗ್ರಿ" ಎಂದು ನೂರಿನ್ನೂರು ರೂಪಾಯಿ ಬರೆದಿದ್ದರೆ ಅದರಲ್ಲಿ ವಾಷರ್ ಸೇರಿದೆಯೇ ಎಂದು ಕೇಳಿ; ಕೇಳುವ ಹಕ್ಕು ನಿಮಗಿದೆ. ಮನೆಗೆ ಬಂದ ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಬೆಳಿಗ್ಗೆ ನೋಡಿ. ಕಂದು ಚುಕ್ಕೆ ಕಂಡರೆ ಅಂದೇ ಗ್ಯಾರೇಜಿಗೆ ಹೋಗಿ. ಏಸಿ ಹಾಕಿದ್ದಾಗ ಬೀಳುವ ನೀರು ಒಣಗಿದರೆ ಕಲೆ ಉಳಿಯುವುದಿಲ್ಲ, ಆಯಿಲಾದರೆ ಕಾಗದದಲ್ಲಿ ಹರಡಿ ಹಾಗೇ ನಿಲ್ಲುತ್ತದೆ.

ಐಟಿಐಗಳಲ್ಲಿ ಮೋಟಾರು ವಾಹನದ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಒಂದು ಪ್ರಾರ್ಥನೆ. ನಿಮ್ಮಲ್ಲಿ ಕಲಿತ ಮಕ್ಕಳು ಎಂಜಿನ್ನಿನ ನಾಲ್ಕು ಸ್ಟ್ರೋಕ್ ಬಾಯಿಪಾಠ ಹೇಳುತ್ತಾರೆ, ಸಂತೋಷ. ಆದರೆ ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರಾದ ಟಾರ್ಕ್ ರೆಂಚನ್ನು ಕೈಯಲ್ಲಿ ಹಿಡಿದವರು ನನ್ನ ಅಂಗಡಿಗೆ ಬರುವ ಹುಡುಗರಲ್ಲಿ ಬೆರಳೆಣಿಕೆಯಷ್ಟು. 35 ನ್ಯೂಟನ್ ಮೀಟರ್ ಎಂದರೆ ಕೈಗೆ ಎಷ್ಟು ಬಲ ಎಂದು ಒಮ್ಮೆ ಅವರ ಕೈಯಲ್ಲೇ ಮಾಡಿಸಿ ತೋರಿಸಿ. ಕೈಗೆ ಒಮ್ಮೆ ತಿಳಿದದ್ದು ಮರೆಯುವುದಿಲ್ಲ. ಥ್ರೆಡ್ ಕಿತ್ತ ಹಳೆಯ ಚೇಂಬರುಗಳು ನನ್ನ ಗೋದಾಮಿನಲ್ಲಿವೆ. ಪಾಠಕ್ಕೆ ಬೇಕೆಂದರೆ ದುಡ್ಡಿಲ್ಲದೆ ಕೊಡುತ್ತೇನೆ.

ಬೈಕ್, ಸ್ಕೂಟರ್, ಟಿಲ್ಲರ್ ಇಟ್ಟುಕೊಂಡವರೂ ಇದನ್ನು ಕಾರಿನವರ ವಿಷಯ ಎಂದು ಬಿಡಬೇಡಿ. ಬೈಕಿನಲ್ಲಿ ಬೇರೆಯಾಗಿ ಕಳಚುವ ಚೇಂಬರ್ ಇರುವುದು ಅಪರೂಪ. ಆಯಿಲ್ ಇಳಿಸುವ ಬೋಲ್ಟ್ ನೇರವಾಗಿ ಎಂಜಿನ್ನಿನ ಅಲ್ಯೂಮಿನಿಯಂ ಕೇಸಿಗೇ ಕೂರುತ್ತದೆ. ಅಲ್ಲಿ ಥ್ರೆಡ್ ಹೋದರೆ, ಕೇಸ್ ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು. ಮುಂದಿನ ಸಲ ಆಯಿಲ್ ಕೊಳ್ಳಲು ಬಂದಾಗ, ಯಾರ ಅಂಗಡಿಯಾದರೂ ಸರಿ, ಗಾಡಿಯ ಹೆಸರು, ವರ್ಷ ಹೇಳಿ ವಾಷರನ್ನೂ ಕೇಳಿ ತೆಗೆದುಕೊಳ್ಳಿ.

ಇಂತಿ,
ಬಿಡಿಭಾಗದ ಅಂಗಡಿಯ ಒಡತಿ,
ಸಾಗರ, ಶಿವಮೊಗ್ಗ ಜಿಲ್ಲೆ